ಹಡಗಿನ ದಿನಚರಿ ಬಿಡಿಸಿ ಓದುವ ಕಥೆ

ಸಿರ್ಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಹೊಳೆಯನ್ನು ನಾವು ಅಘನಾಶಿನಿ ಎಂದು ಕರೆಯುತ್ತೇವೆ. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿ ಇದೇ ಹೊಳೆಗೆ ‘ತದ್ರಿ’ ಎಂಬ ಹೆಸರಿದೆ. ಅಳಿವೆಯ ಬಡಗಣ ದಡದಲ್ಲಿರುವ ತದಡಿ ಬಂದರಿನ ಹೆಸರನ್ನೇ ಇಡೀ ಹೊಳೆಗೆ ಅಂಟಿಸಲಾಗಿದೆ. ಘಟ್ಟದಿಂದ ಇಳಿದು ಬರುವವರಿಗೆ ಮೊದಲು ಕಾಣುವುದು ಹೊಳೆ. ಕಡಲಿನಿಂದ ನೋಡುವವರಿಗೆ ಮೊದಲು ಕಾಣುವುದು ಬಂದರು. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಹೆಸರೂ ಬದಲಾಗಬಹುದು.

ಈ ಕರಾವಳಿಯನ್ನು ಕಡಲಿನಿಂದ ನೋಡುತ್ತ ಹೋದವರು ಬಹಳ ಮಂದಿ. 1638ರಲ್ಲಿ ಕಾರವಾರದಲ್ಲಿ ಇಂಗ್ಲಿಷರ ಕೋಠಿ ಶುರುವಾಯಿತು. ಮಿರ್ಜಾನಿನ ಮೆಣಸಿಗೆ ಅದಕ್ಕೂ ಮೊದಲೇ ಹೆಸರಿತ್ತು. ಮುಂಬಯಿಯಿಂದ ಮಲಬಾರಿಗೆ ಹೋಗುವ ಹಡಗುಗಳು ತದಡಿಯ ಎದುರೇ ಹಾದು ಹೋಗಬೇಕು. ಹಾಗೆ ಹೋಗುವಾಗ ಪ್ರತಿ ಹಡಗಿನಲ್ಲೂ ಒಬ್ಬ ಅಧಿಕಾರಿ ಒಂದು ಪುಸ್ತಕ ಬಿಡಿಸಿ ಕೂತು, ಗಾಳಿ ಎತ್ತಲಿಂದ, ವೇಗ ಎಷ್ಟು, ಕಣ್ಣಿಗೆ ಬಿದ್ದ ನೆಲ ಯಾವುದು ಎಂದು ಬರೆದಿಡುತ್ತಿದ್ದ. ಈ ಪುಸ್ತಕವೇ ‘ಲಾಗ್’. ಬರೆದವನಿಗೆ ಅದು ಕೆಲಸದ ಭಾಗ, ಅಷ್ಟೆ. ಇನ್ನೂರು ವರ್ಷಗಳ ಅನಂತರ ಅದೇ ಸಾಲುಗಳಿಂದ ನಮ್ಮ ಮುಂಗಾರಿನ ಚರಿತ್ರೆಯನ್ನು ಹೆಕ್ಕಿ ತೆಗೆಯುತ್ತಾರೆಂದು ಅವನು ಎಣಿಸಿರಲಾರ.

ಇಂದು ಕಂಪ್ಯೂಟರ್ ಬಲ್ಲವರೆಲ್ಲರ ಬಾಯಲ್ಲೂ ಈ ಪದ ಇದೆ. ಬ್ಯಾಂಕಿನ ಯಂತ್ರವಾಗಲಿ, ರೈಲ್ವೆ ಟಿಕೆಟ್ ಕೊಡುವ ಯಂತ್ರವಾಗಲಿ, ತಾನು ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುತ್ತದೆ. ಅದೂ ಲಾಗ್. ಆ ಸಾಲುಗಳಿಂದ ವೇಳೆ ಯಾವುದು, ಜಾಗ ಯಾವುದು, ಆದದ್ದೇನು ಎಂದು ಬೇರೆ ಬೇರೆ ಮಾಡಿ ಖಾನೆಗಳಿಗೆ ತುಂಬುವ ಕೆಲಸಕ್ಕೆ ‘ಪಾರ್ಸಿಂಗ್’ ಎನ್ನುತ್ತಾರೆ. ಈ ಪದ ಬಂದದ್ದು ವ್ಯಾಕರಣದ ತರಗತಿಯಿಂದ. ಹಳಗನ್ನಡ ಪದ್ಯವನ್ನು ಮೇಷ್ಟರು ಪದಚ್ಛೇದ ಮಾಡಿ, ಕರ್ತೃ ಯಾರು, ಕ್ರಿಯೆ ಯಾವುದು ಎಂದು ಅನ್ವಯ ಹೇಳಿಕೊಡುತ್ತಿದ್ದರಲ್ಲ, ಬಹುಮಟ್ಟಿಗೆ ಅದೇ ಕೆಲಸ.

ಲಾಗ್ ಎಂದರೆ ಮೂಲದಲ್ಲಿ ಮರದ ದಿಮ್ಮಿ. ಹಡಗಿನ ವೇಗ ಅಳೆಯಲು ಒಂದು ಮರದ ತುಂಡಿಗೆ ಹುರಿ ಕಟ್ಟಿ ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. ಇದರ ವಿವರ 1574ರಲ್ಲಿ ಇಂಗ್ಲೆಂಡಿನ ವಿಲಿಯಂ ಬೋರ್ನ್ ಬರೆದ ನೌಕಾಯಾನದ ಪುಸ್ತಕದಲ್ಲಿದೆ. ತುಂಡು ನೀರಿನಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಸಾಗುತ್ತದೆ, ಹುರಿ ಬಿಚ್ಚಿಕೊಳ್ಳುತ್ತದೆ. ಹುರಿಯಲ್ಲಿ ಸಮ ಅಂತರಕ್ಕೆ ಗಂಟುಗಳಿರುತ್ತವೆ. ಒಬ್ಬ ಮರಳು ಗಡಿಯಾರ ಹಿಡಿದಿರುತ್ತಾನೆ, ಇನ್ನೊಬ್ಬ ಕೈಯಿಂದ ಜಾರಿ ಹೋಗುವ ಗಂಟುಗಳನ್ನು ಎಣಿಸುತ್ತಾನೆ. ಮುಂದೆ ರೂಢಿಗೆ ಬಂದ ಲೆಕ್ಕದಲ್ಲಿ ಗಂಟಿನಿಂದ ಗಂಟಿಗೆ 47 ಅಡಿ 3 ಅಂಗುಲ, ಮರಳು ಇಳಿಯಲು 28 ಸೆಕೆಂಡು. ಅಷ್ಟರಲ್ಲಿ ಐದು ಗಂಟು ಜಾರಿದರೆ ಹಡಗಿನ ವೇಗ ಗಂಟೆಗೆ ಐದು ನೌಕಾ ಮೈಲಿ. ಇಂದಿಗೂ ಹಡಗಿನ ವೇಗವನ್ನು ‘ನಾಟ್’, ಅಂದರೆ ಗಂಟು, ಎಂದೇ ಹೇಳುವುದು ಈ ಹುರಿಯಿಂದಾಗಿ. ಎಣಿಸಿದ್ದನ್ನು ಮೊದಲು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು, ಆಮೇಲೆ ಪುಸ್ತಕಕ್ಕೆ ಇಳಿಸುವುದು. ಹೀಗೆ ದಿಮ್ಮಿಯ ಹೆಸರು ಪುಸ್ತಕಕ್ಕೆ ಬಂತು, ಪುಸ್ತಕದ್ದು ಕಂಪ್ಯೂಟರಿಗೆ ಹೋಯಿತು.

ಈಸ್ಟ್ ಇಂಡಿಯಾ ಕಂಪನಿ ಲೆಕ್ಕಪತ್ರದ ವಿಷಯದಲ್ಲಿ ಬಿಗಿ. ಯಾನ ಮುಗಿಸಿ ಲಂಡನ್ನಿಗೆ ಮರಳಿದ ಕಪ್ತಾನ ದಿನಚರಿಯನ್ನು ಕಚೇರಿಗೆ ಒಪ್ಪಿಸಬೇಕಿತ್ತು. ಹಾಗೆ ಉಳಿದು ಬಂದ ಸಾವಿರಾರು ದಿನಚರಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಪುಟದ ಒಂದು ಕಡೆ ಗಂಟೆ, ಗಂಟು, ದಿಕ್ಕು, ಗಾಳಿ ಎಂದು ಸಣ್ಣ ಸಣ್ಣ ಖಾನೆಗಳು. ಇನ್ನೊಂದು ಕಡೆ ‘ಷರಾ’ ಎಂಬ ಅಗಲವಾದ ಖಾಲಿ ಜಾಗ. ಖಾನೆಯಲ್ಲಿರುವುದನ್ನು ಓದುವುದು ಸುಲಭ. ಸ್ವಾರಸ್ಯವಾದ ಸಂಗತಿಗಳೆಲ್ಲ ಷರಾದಲ್ಲಿರುತ್ತವೆ. ಇಂದಿನ ಕಂಪ್ಯೂಟರಿನವರಿಗೂ ಇದೇ ಪೇಚಾಟ.

ಈ ರಾಶಿಯನ್ನು ಕಾಯಂ ಪ್ರಯೋಜನಕ್ಕೆ ತಂದವನು ಜೇಮ್ಸ್ ಹಾರ್ಸ್‌ಬರ್ಗ್. ಸ್ಕಾಟ್ಲೆಂಡಿನ ಎಲಿ ಎಂಬ ಕಡಲೂರಿನವನು, 1762ರಲ್ಲಿ ಹುಟ್ಟಿದವನು. 1786ರಲ್ಲಿ ಅವನಿದ್ದ ‘ಅಟ್ಲಾಸ್’ ಎಂಬ ಹಡಗು ಬಟೇವಿಯಾದಿಂದ ಸಿಂಹಳಕ್ಕೆ ಬರುವಾಗ ಡಿಯಾಗೊ ಗಾರ್ಸಿಯಾ ದ್ವೀಪಕ್ಕೆ ಬಡಿದು ಒಡೆಯಿತು. ತಪ್ಪು ಹಡಗಿನವರದ್ದಲ್ಲ, ಅವರ ಕೈಯಲ್ಲಿದ್ದ ನಕ್ಷೆಯದ್ದು. ಬದುಕಿ ಉಳಿದ ಹಾರ್ಸ್‌ಬರ್ಗ್ ಅಂದಿನಿಂದ ಕಂಡದ್ದನ್ನೆಲ್ಲ ಬರೆದಿಡಲು ತೊಡಗಿದ. ಉಷ್ಣವಲಯದ ಕಡಲಿನಲ್ಲಿ ವಾಯುಭಾರ ಮಾಪಕ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ ಎಂದು ತನ್ನ ದಾಖಲೆಗಳಿಂದಲೇ ತೋರಿಸಿಕೊಟ್ಟ. ಲಂಡನ್ನಿನ ರಾಯಲ್ ಸೊಸೈಟಿ 1805ರಲ್ಲಿ ಅದನ್ನು ಅಚ್ಚು ಹಾಕಿತು. 1809ರಿಂದ 1811ರ ನಡುವೆ ಅವನ ದೊಡ್ಡ ಪುಸ್ತಕ ಬಂತು. ಪೂರ್ವದ ಕಡಲುಗಳಲ್ಲಿ ಹಡಗು ನಡೆಸುವವರಿಗೆ ದಾರಿ ಹೇಳುವ ಗ್ರಂಥ ಅದು. ಕಂಪನಿಯ ಕಚೇರಿಯಲ್ಲಿದ್ದ ಮೂಲ ದಿನಚರಿಗಳೇ ಅದಕ್ಕೆ ಮುಖ್ಯ ಆಧಾರ. 1810ರಲ್ಲಿ ಕಂಪನಿ ಅವನನ್ನೇ ತನ್ನ ಜಲನಕ್ಷೆಗಾರನನ್ನಾಗಿ ನೇಮಿಸಿತು. ಸಾವಿರಾರು ಕಪ್ತಾನರು ಚದುರಿದಂತೆ ಬರೆದದ್ದನ್ನು ಒಬ್ಬ ಮನುಷ್ಯ ಓದಿ, ಜಾಗಕ್ಕೆ ಸರಿಯಾಗಿ ವಿಂಗಡಿಸಿ, ಒಂದರ ಎದುರು ಒಂದಿಟ್ಟು ತೂಗಿ ನೋಡಿದ. ಕಂಪ್ಯೂಟರಿಲ್ಲದ ಕಾಲದ ಈ ದುಡಿಮೆಗೆ ತಕ್ಕ ಹೆಸರು ಅವನಿಗೆ ನಮ್ಮಲ್ಲಿ ಸಿಕ್ಕಿಲ್ಲ ಎನ್ನಬೇಕು.

ಈ ಓದು ಎಷ್ಟು ತೊಡಕಿನದು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಭಟ್ಕಳ, ಮುರ್ಡೇಶ್ವರದ ಆಚೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪ ನಮ್ಮವರಿಗೆಲ್ಲ ಗೊತ್ತು. ಇಂಗ್ಲಿಷ್ ನಾವಿಕರು ಅದನ್ನು ‘ಪಿಜನ್ ಐಲೆಂಡ್’, ಪಾರಿವಾಳದ ದ್ವೀಪ ಎನ್ನುತ್ತಿದ್ದರು. ಒಂದು ದಿನಚರಿಯಲ್ಲಿ ಹೀಗೊಂದು ಸಾಲು ಇದೆ ಎಂದು ಇಟ್ಟುಕೊಳ್ಳಿ: “2ನೇ ತಾರೀಕು. ಗಾಳಿ ವಾಯವ್ಯದಿಂದ, ಹದವಾಗಿ. ಸಂಜೆ ನಾಲ್ಕಕ್ಕೆ ಪಿಜನ್ ದ್ವೀಪ ಪೂರ್ವಕ್ಕೆ, ಎರಡು ಹರದಾರಿ.” ಇದರಲ್ಲಿ ನಾಲ್ಕು ಸಂಗತಿಗಳಿವೆ: ಯಾವಾಗ, ಎಲ್ಲಿ, ಗಾಳಿ ಎತ್ತಲಿಂದ, ಎಷ್ಟು ಬಿರುಸು. ನಾಲ್ಕೂ ಮೇಲುನೋಟಕ್ಕೆ ಸ್ಪಷ್ಟ. ನಾಲ್ಕರಲ್ಲೂ ಗುಂಡಿಗಳಿವೆ.

ಮೊದಲನೆಯದು ತಾರೀಕು. ಆ ಕಾಲದ ನಾವಿಕರಿಗೆ ದಿನ ಶುರುವಾಗುತ್ತಿದ್ದುದು ಮಧ್ಯರಾತ್ರಿಗಲ್ಲ, ಮಧ್ಯಾಹ್ನಕ್ಕೆ. ಸೂರ್ಯ ನೆತ್ತಿಯ ಮೇಲೆ ಬಂದಾಗ ಅಕ್ಷಾಂಶ ಅಳೆದು, ಹಿಂದಿನ ದಿನದ ಲೆಕ್ಕ ಮುಗಿಸಿ, ಹೊಸ ದಿನ ತೆರೆಯುತ್ತಿದ್ದರು. ಅದೂ ನೆಲದ ದಿನಕ್ಕಿಂತ ಹನ್ನೆರಡು ತಾಸು ಮುಂಚೆ. ಅಂದರೆ ದಿನಚರಿಯಲ್ಲಿ 2ನೇ ತಾರೀಕಿನ ಸಂಜೆ ಎಂದಿದ್ದರೆ, ತದಡಿಯ ದಡದಲ್ಲಿ ನಿಂತವನಿಗೆ ಅದು 1ನೇ ತಾರೀಕಿನ ಸಂಜೆ. ಬ್ರಿಟಿಷ್ ನೌಕಾದಳ ಈ ಪದ್ಧತಿಯನ್ನು ಬಿಟ್ಟದ್ದು 1805ರಲ್ಲಿ. ಉಳಿದ ಹಡಗುಗಳು ಒಟ್ಟಿಗೇ ಬಿಡಲಿಲ್ಲ. ಓದುವವನು ಹಡಗು ಯಾರದ್ದು, ವರ್ಷ ಯಾವುದು ಎಂದು ಮೊದಲು ತಿಳಿದಿರಬೇಕು. ಇಲ್ಲದಿದ್ದರೆ ಒಂದೇ ಬಿರುಗಾಳಿಗೆ ಎರಡು ಹುಟ್ಟುದಿನ.

ಎರಡನೆಯದು ಜಾಗ. ಸಾಲಿನಲ್ಲಿ ಅಕ್ಷಾಂಶವೂ ಇಲ್ಲ, ರೇಖಾಂಶವೂ ಇಲ್ಲ. ದ್ವೀಪ ಪೂರ್ವಕ್ಕಿದೆ ಎಂದರೆ ಹಡಗು ದ್ವೀಪದ ಪಶ್ಚಿಮಕ್ಕಿದೆ. ಇಂಗ್ಲಿಷರ ‘ಲೀಗ್’, ನಾವು ಹರದಾರಿ ಎಂದದ್ದು, ಮೂರು ನೌಕಾ ಮೈಲಿ. ಎರಡು ಹರದಾರಿ ಎಂದರೆ ಸುಮಾರು 11 ಕಿಲೋಮೀಟರ್. ನೇತ್ರಾಣಿ ಎಲ್ಲಿದೆ ಎಂದು ನಮಗೆ ಗೊತ್ತಿರುವುದರಿಂದ ಹಡಗನ್ನು ನಕ್ಷೆಯ ಮೇಲೆ ಇಡಬಹುದು. ಆದರೆ ಆ ‘ಪೂರ್ವ’ ದಿಕ್ಸೂಚಿಯ ಪೂರ್ವವೋ ನಿಜವಾದ ಪೂರ್ವವೋ? ಕಾಂತದ ಮುಳ್ಳು ನೇರ ಉತ್ತರ ತೋರಿಸುವುದಿಲ್ಲ, ಎಷ್ಟು ತಪ್ಪುತ್ತದೆ ಎಂಬುದು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬೇರೆ. ಇನ್ನು ರೇಖಾಂಶ ಕೊಟ್ಟಿದ್ದರೂ ನಿಶ್ಚಿಂತೆ ಇಲ್ಲ. ಒಬ್ಬ ಲಂಡನ್ನಿನಿಂದ ಎಣಿಸಿದರೆ, ಒಬ್ಬ ಪ್ಯಾರಿಸ್ಸಿನಿಂದ, ಮತ್ತೊಬ್ಬ ಟೆನೆರಿಫ್ ದ್ವೀಪದಿಂದ. ಕೆಲವರು ಕಡೆಯದಾಗಿ ಕಂಡ ಭೂಶಿರದಿಂದಲೇ ಎಣಿಸಿಬಿಡುತ್ತಿದ್ದರು.

ನಾಲ್ಕನೆಯ ಸಂಗತಿಯೇ ಎಲ್ಲಕ್ಕಿಂತ ಕಷ್ಟದ್ದು. ‘ಹದವಾದ ಗಾಳಿ’ ಎಂದರೆ ಎಷ್ಟು? ಅಡಿಗೆಯವರು ‘ರುಚಿಗೆ ತಕ್ಕಷ್ಟು ಉಪ್ಪು’ ಎಂದ ಹಾಗೆ, ಬಲ್ಲವನಿಗೆ ಅದು ಅಳತೆ, ಹೊರಗಿನವನಿಗೆ ಒಗಟು. ಇಂಗ್ಲಿಷರ ‘ಗೇಲ್’ ಎಂಬ ಪದ ಒಂದು ಕಾಲದಲ್ಲಿ ಒಳ್ಳೆಯ ಗಾಳಿ ಎಂಬ ಅರ್ಥದಲ್ಲೂ ಬಳಕೆಯಾಗುತ್ತಿತ್ತು. ಇಂದಿನ ಅರ್ಥದಲ್ಲಿ ಓದಿದರೆ ಶಾಂತ ಕಡಲಿನಲ್ಲಿ ಬಿರುಗಾಳಿ ಎದ್ದೀತು. ಡಚ್ಚರ ಜಾಣತನವೇ ಬೇರೆ. ಅವರು ಗಾಳಿಯನ್ನು ಹಾಯಿಯಿಂದ ಹೆಸರಿಸುತ್ತಿದ್ದರು. ‘ಬ್ರಾಮ್‌ಜೇಲ್ಸ್‌ಕೂಲ್ಟೆ’ ಎಂಬ ಉದ್ದ ಪದಕ್ಕೆ ಮೇಲಿನ ಹಾಯಿಯನ್ನು ಹರಡಿ ಹೋಗಬಹುದಾದಷ್ಟು ಗಾಳಿ ಎಂದು ಅರ್ಥ. ಇಂಗ್ಲೆಂಡಿನ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ 1806ರಲ್ಲಿ ತನ್ನ ದಿನಚರಿಯಲ್ಲಿ ಗಾಳಿಯ ಬಿರುಸಿಗೆ ಅಂಕಿಗಳನ್ನು ಗೊತ್ತು ಮಾಡಿಕೊಂಡ. ಆಮೇಲೆ ಅದಕ್ಕೂ ಹಾಯಿಯ ಲೆಕ್ಕವೇ ಆಧಾರವಾಯಿತು. 1838ರಲ್ಲಿ ಬ್ರಿಟಿಷ್ ನೌಕಾದಳ ಅದನ್ನು ಕಡ್ಡಾಯ ಮಾಡಿತು. ಅಲ್ಲಿಗೆ ವರ್ಣನೆ ಅಂಕಿಯಾಯಿತು.

ಅಮೆರಿಕದ ಮ್ಯಾಥ್ಯೂ ಮೋರಿಯ ಕಥೆಯನ್ನು ಇಲ್ಲಿ ಚಿಕ್ಕದಾಗಿ ಹೇಳಬೇಕು. 1839ರಲ್ಲಿ ಗಾಡಿ ಉರುಳಿ ಕಾಲು ಮುರಿದುಕೊಂಡ ಈ ನೌಕಾಧಿಕಾರಿಯನ್ನು 1842ರಲ್ಲಿ ವಾಷಿಂಗ್ಟನ್ನಿನ ನಕ್ಷೆಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಧೂಳು ಹಿಡಿದಿದ್ದ ಹಳೆಯ ದಿನಚರಿಗಳಿಂದ ಗಾಳಿ ಮತ್ತು ಪ್ರವಾಹಗಳ ವಿವರ ಹೆಕ್ಕಿ 1847ರಲ್ಲಿ ಉತ್ತರ ಅಟ್ಲಾಂಟಿಕ್ ನಕ್ಷೆ ಹೊರತಂದ. ತಾನು ಕೊಟ್ಟ ನಮೂನೆಯಲ್ಲಿ ದಿನಚರಿ ತುಂಬಿ ಕಳಿಸುವ ಕಪ್ತಾನರಿಗೆ ನಕ್ಷೆ ಪುಕ್ಕಟೆ ಎಂದ. 1853ರಲ್ಲಿ ಬ್ರಸೆಲ್ಸ್‌ನಲ್ಲಿ ಹತ್ತು ದೇಶಗಳವರು ಸೇರಿ ಎಲ್ಲ ಹಡಗುಗಳಿಗೂ ಒಂದೇ ಬಗೆಯ ನಮೂನೆ ಇರಲಿ ಎಂದು ಒಪ್ಪಿದರು. ಆದ ಮೇಲೆ ಬಿಡಿಸಿ ಓದುವುದಕ್ಕಿಂತ ಬರೆಯುವಾಗಲೇ ಖಾನೆ ಮಾಡಿ ಬರೆಸುವುದು ಲೇಸು ಎಂಬ ತಿಳಿವಳಿಕೆ ಇದರ ಹಿಂದಿತ್ತು.

ಆದರೆ 1853ಕ್ಕೆ ಮುಂಚಿನ ರಾಶಿ ಹಾಗೇ ಉಳಿದಿತ್ತಲ್ಲ! ಯುರೋಪಿನ ಕೆಲವು ವಿಶ್ವವಿದ್ಯಾಲಯಗಳು 2000ದಿಂದ 2003ರವರೆಗೆ ‘ಕ್ಲಿವಾಕ್’ ಎಂಬ ಯೋಜನೆ ನಡೆಸಿದವು. 1750ರಿಂದ 1850ರ ಸುಮಾರಿನವರೆಗಿನ ಇಂಗ್ಲಿಷ್, ಡಚ್, ಫ್ರೆಂಚ್, ಸ್ಪ್ಯಾನಿಷ್ ದಿನಚರಿಗಳಿಂದ ಸುಮಾರು 2 ಲಕ್ಷ 80 ಸಾವಿರ ದಾಖಲೆಗಳನ್ನು ಹೆಕ್ಕಿದರು. ಅದಕ್ಕೆ ಮೊದಲು ಅವರು ಮಾಡಬೇಕಾಗಿ ಬಂದದ್ದು ಒಂದು ನಿಘಂಟು: ನಾಲ್ಕು ಭಾಷೆಗಳ ನಾವಿಕರು ಗಾಳಿಗೆ ಬಳಸಿದ ಪದಗಳು, ಒಂದೊಂದರ ಎದುರೂ ಬ್ಯೂಫೋರ್ಟ್ ಅಂಕಿ. 2012ರಲ್ಲಿ ಇನ್ನೊಂದು ಫಲ ಹೊರಬಂತು. 1789ರಿಂದ 1834ರವರೆಗಿನ ಕಂಪನಿಯ ಸುಮಾರು 900 ದಿನಚರಿಗಳಿಂದ 2 ಲಕ್ಷ 70 ಸಾವಿರಕ್ಕೂ ಹೆಚ್ಚು ಹವಾಮಾನದ ದಾಖಲೆಗಳು ಸಿಕ್ಕಿದವು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಾಗ ಭೂಮಿ ತಣ್ಣಗಾಯಿತೆಂದು ಕೇಳಿದ್ದೇವೆ. ಕಡಲಿನ ಮೇಲೆ ಆ ತಂಪು ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟೇ ಇದ್ದಿರಬಹುದು ಎಂದು ಆ ಕಪ್ತಾನರ ಉಷ್ಣಮಾಪಕಗಳು ಸಾಕ್ಷಿ ಹೇಳಿದವು.

ನಮಗೆ ಹೆಚ್ಚು ಹತ್ತಿರದ್ದು ಮುಂಗಾರಿನ ಲೆಕ್ಕ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದಕ್ಕೂ ಹಿಂದೆ ಯಾವ ವರ್ಷ ಮಳೆಗಾಲ ಯಾವಾಗ ಹಿಡಿಯಿತು ಎಂದು ತಿಳಿಯುವುದು ಹೇಗೆ? ಮುಂಗಾರು ಎಂದರೆ ಮಳೆಗಿಂತ ಮೊದಲು ಗಾಳಿ. ಅರಬ್ಬಿ ಸಮುದ್ರದ ಮೇಲೆ ಗಾಳಿ ನೈಋತ್ಯಕ್ಕೆ ತಿರುಗಿ ನಿಂತಿತೆಂದರೆ ಮಳೆ ಬಂತೆಂದೇ ಅರ್ಥ. ಗಾಳಿಯ ದಿಕ್ಕು ನೋಡಲು ಯಂತ್ರ ಬೇಡ, ದಿಕ್ಸೂಚಿ ಮತ್ತು ಕಣ್ಣು ಸಾಕು. ಪ್ರತಿ ದಿನಚರಿಯಲ್ಲೂ ಅದು ಇದ್ದೇ ಇದೆ. ಹಡಗುಗಳು ಬರೆದ ಗಾಳಿಯ ದಿಕ್ಕಿನಿಂದಲೇ ಮುಂಗಾರು ಹಿಡಿದ ದಿನವನ್ನು ಗುರುತಿಸುವ ವಿಧಾನವನ್ನು ಸ್ಪೇನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಕೇರಳದಿಂದ ಕಾರವಾರದವರೆಗೆ ನಮ್ಮ ರೈತರೂ ಮೀನುಗಾರರೂ ಕಾದು ಕುಳಿತ ಆ ದಿನದ ದಾಖಲೆ ಸಿಕ್ಕಿದ್ದು, ಮೆಣಸು ಕೊಳ್ಳಲು ಬಂದವರ ಪುಸ್ತಕದಲ್ಲಿ.

ಹಾಗಾದರೆ ನಮ್ಮವರು ಏನು ಬರೆದಿಟ್ಟರು ಎಂಬ ಪ್ರಶ್ನೆ ಸಹಜ. 19ನೇ ಶತಮಾನದ ನಡುವೆ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಗೆ ಬಂದು ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಬಂದರಿನ ಹೆಸರೇ ಹತ್ತಿಗೆ ಅಂಟಿ, ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ‘ಕುಮಟಾ’ ಎಂಬುದು ಒಂದು ತಳಿಯ ಹೆಸರಾಗಿಬಿಟ್ಟಿತ್ತು. ಹೊತ್ತೊಯ್ದದ್ದು ನಮ್ಮ ಕರಾವಳಿಯ ಪತ್ತೇಮಾರಿ, ಮಚವೆಗಳು. ಎಷ್ಟು ಹತ್ತಿ ಹೋಯಿತು, ಎಷ್ಟು ರೂಪಾಯಿಯದು ಎಂಬ ಲೆಕ್ಕ ಸುಂಕದವರ ಕಡತಗಳಿಂದ ಗೆಜೆಟಿಯರಿಗೆ ಬಂದಿದೆ. ಆದರೆ ದಾರಿಯಲ್ಲಿ ಬೀಸಿದ ಗಾಳಿಯ ಲೆಕ್ಕ ಸುಂಕದವನಿಗೆ ಬೇಕಿರಲಿಲ್ಲ. ತಂಡೇಲನಿಗೆ ಅದು ಗೊತ್ತಿತ್ತು, ಆದರೆ ಅವನ ವಿದ್ಯೆ ಬಾಯಿಂದ ಬಾಯಿಗೆ ಹೋಗುವಂಥದ್ದು. ಯಾವ ಮಳೆ ನಕ್ಷತ್ರದ ಯಾವ ಪಾದದಲ್ಲಿ ಕಡಲು ಏಳುತ್ತದೆ, ನೂಲು ಹುಣ್ಣಿಮೆಯ ತೆಂಗಿನಕಾಯಿ ಬಿಟ್ಟ ಮೇಲೆ ಎಷ್ಟು ದಿನಕ್ಕೆ ಅಳಿವೆ ದಾಟಬಹುದು ಎಂಬುದೆಲ್ಲ ಅವನ ತಲೆಯೊಳಗಿನ ಪುಸ್ತಕ. ಅದು ಸಾಮಾನ್ಯ ಜ್ಞಾನವಲ್ಲ. ಆದರೆ ಇಂಥ ವರ್ಷ ಇಂಥ ದಿನ ಎಂದು ಇಸವಿ ಹಾಕಿ ಇಡುವಂಥದ್ದೂ ಅಲ್ಲ. ಎಲ್ಲ ವರ್ಷಗಳೂ ಕಲಸಿ ಒಂದು ಗಾದೆಯಾಗಿಬಿಡುತ್ತವೆ. ಅರಬ್ಬಿ ಸಮುದ್ರದ ಹಾಯಿಯವರೆಲ್ಲ ಹೀಗೇ ಇದ್ದರೆನ್ನುವಂತಿಲ್ಲ. ಮಲಬಾರಿಗೆ ಮರ ಕೊಳ್ಳಲು ಬರುತ್ತಿದ್ದ ಕುವೈತಿನ ನಾಖೋದಾಗಳು 20ನೇ ಶತಮಾನದಲ್ಲಿ ಬರೆದ ‘ರೋಜ್‌ನಾಮಾ’ಗಳು ಉಳಿದಿವೆ, ಅವರ ದೇಶದಲ್ಲಿ ಅವು ಅಚ್ಚೂ ಆಗಿವೆ.

ಇಂದಿನ ತದಡಿಗೆ ಬರೋಣ. ಧಕ್ಕೆಯಲ್ಲಿ ನಿಲ್ಲುವ ಯಂತ್ರದೋಣಿಗಳ ಚುಕ್ಕಾಣಿ ಕೋಣೆಯಲ್ಲಿ ಈಗ ಜಿಪಿಎಸ್ ಪೆಟ್ಟಿಗೆ ಇರುತ್ತದೆ. ಯಾರೂ ಬರೆಯದಿದ್ದರೂ ಅದು ಒಂದೇ ಸಮನೆ ಸಾಲುಗಳನ್ನು ಹೊರಡಿಸುತ್ತಿರುತ್ತದೆ. ಆ ಸಾಲಿನ ವ್ಯಾಕರಣವನ್ನು ಅಮೆರಿಕದ ನೌಕಾ ಎಲೆಕ್ಟ್ರಾನಿಕ್ಸ್ ಸಂಘ 1983ರಲ್ಲಿ ಗೊತ್ತು ಮಾಡಿತು. ಮೊದಲಿಗೆ ಡಾಲರ್ ಚಿಹ್ನೆ, ಅನಂತರ ಯಂತ್ರದ ಮತ್ತು ಸಾಲಿನ ಗುರುತು, ಆಮೇಲೆ ಅಲ್ಪವಿರಾಮ ಹಾಕಿ ಹಾಕಿ ವೇಳೆ, ಅಕ್ಷಾಂಶ, ರೇಖಾಂಶ, ವೇಗ, ದಿಕ್ಕು, ತಾರೀಕು. ಕೊನೆಯಲ್ಲಿ ಒಂದು ನಕ್ಷತ್ರ ಚಿಹ್ನೆ ಮತ್ತು ಎರಡು ಅಕ್ಷರದ ತಾಳೆ. ಸಾಲು ದಾರಿಯಲ್ಲಿ ಕೆಟ್ಟಿದ್ದರೆ ತಾಳೆಯಾಗುವುದಿಲ್ಲ. ವೇಳೆಯ ಪಕ್ಕದಲ್ಲಿ ‘ಎ’ ಎಂದಿದ್ದರೆ ನಂಬಬಹುದು, ‘ವಿ’ ಎಂದಿದ್ದರೆ ನಂಬಬಾರದು. ಹಳೆಯ ಕಪ್ತಾನರ ಪುಸ್ತಕದಲ್ಲೂ ಇಂಥದೊಂದು ಅಕ್ಷರ ಇದ್ದಿದ್ದರೆ!

ಈ ಸಾಲಿನ ಒಳಗೆ ಹಳೆಯ ಹಡಗು ಇನ್ನೂ ಇದೆ. ವೇಗ ಇಂದಿಗೂ ಗಂಟಿನಲ್ಲೇ. ದಿಕ್ಸೂಚಿಯ ತಪ್ಪನ್ನು ಹೇಳಲು ಒಂದು ಖಾನೆ ಇದೆ. ಹಳೆಯ ಗುಂಡಿಗಳೂ ಇವೆ. ತಾರೀಕನ್ನು ನೋಡಿ: ಪೆಟ್ಟಿಗೆ ಬರೆಯುವುದು ಗ್ರೀನಿಚ್ಚಿನ ವೇಳೆಯನ್ನು, ನಮಗಿಂತ ಐದೂವರೆ ತಾಸು ಹಿಂದೆ. 2ನೇ ತಾರೀಕು ಬೆಳಗಿನ ಜಾವ ನಾಲ್ಕಕ್ಕೆ ತದಡಿ ಬಿಟ್ಟ ದೋಣಿ, ಸಾಲಿನಲ್ಲಿ 1ನೇ ತಾರೀಕು ರಾತ್ರಿ ಹತ್ತೂವರೆಗೆ ಹೊರಟಿರುತ್ತದೆ. ಜಾಗವನ್ನು ನೋಡಿ: ಅಕ್ಷಾಂಶದ ಖಾನೆಯಲ್ಲಿ 1431.20 ಎಂದಿದ್ದರೆ 14 ಡಿಗ್ರಿ, 31.20 ಮಿನಿಟು ಎಂದು ಓದಬೇಕು. ದಶಮಾಂಶದಲ್ಲಿ ಅದು 14.52, ತದಡಿಯ ಅಕ್ಷಾಂಶ. ತಿಳಿಯದವನು ಚುಕ್ಕಿ ಸರಿಸಿ 14.312 ಎಂದು ಓದಿದರೆ ದೋಣಿ 23 ಕಿಲೋಮೀಟರ್ ದಕ್ಷಿಣಕ್ಕೆ ಜಾರಿ ಹೊನ್ನಾವರದ ಹತ್ತಿರ ಹೋಗಿ ನಿಲ್ಲುತ್ತದೆ. ಕಂಪ್ಯೂಟರ್ ಕಲಿಯುವ ಹುಡುಗರು ಮಾಡುವ ಸಾಮಾನ್ಯ ತಪ್ಪು ಇದು. ಕಾಗದದ ಮೇಲೆ ನಗಬಹುದು. ದೋಣಿಯನ್ನು ಹುಡುಕಿಕೊಂಡು ಹೋಗುವಾಗ ನಗುವಂತಿಲ್ಲ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯನ್ನು ಕರಾವಳಿಯವರು ಮರೆತಿಲ್ಲ. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಅದರಲ್ಲಿದ್ದರು. ಎರಡು ಮೂರು ದಿನಗಳಲ್ಲಿ ಸಂಪರ್ಕ ತಪ್ಪಿತು. ಮುಳುಗಿದ ದೋಣಿಯ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕಡಲಿನಾಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಏಳು ಮನೆಗಳವರು ಕಾದರು. ಇಂಥ ಹುಡುಕಾಟ ಶುರುವಾಗುವುದೇ ಕೊನೆಯ ಸಂಪರ್ಕದ ವೇಳೆ ಮತ್ತು ಜಾಗದಿಂದ. ಆ ಸಾಲು ದೋಣಿಯೊಳಗಿನ ಪೆಟ್ಟಿಗೆಯಲ್ಲೇ ಉಳಿದರೆ ದೋಣಿಯೊಂದಿಗೆ ಅದೂ ಮುಳುಗುತ್ತದೆ, ದಡದಲ್ಲಿ ಯಾರಾದರೂ ಅದನ್ನು ಓದುತ್ತಿರಬೇಕು. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಹಾಕುವ ಯೋಜನೆಗೆ ಚಾಲನೆ ಕೊಟ್ಟಿತು. ದೋಣಿ ಎಲ್ಲಿದೆ ಎಂಬ ಸಾಲು ಉಪಗ್ರಹದ ಮೂಲಕ ದಡಕ್ಕೆ ಬರುತ್ತದೆ, ದಡದಿಂದ ಎಚ್ಚರಿಕೆ ದೋಣಿಗೆ ಹೋಗುತ್ತದೆ.

ಮೀನು ಸಿಕ್ಕ ಜಾಗ ಬೇರೆಯವರಿಗೆ ತಿಳಿದುಹೋದೀತು ಎಂಬ ಅಳುಕು ಮೀನುಗಾರರಲ್ಲಿ ಇದ್ದರೆ ಅದು ಸಹಜವೇ. ಕಂಪನಿಯ ಕಪ್ತಾನನೂ ತನ್ನ ಪುಸ್ತಕವನ್ನು ಡಚ್ಚರ ಕೈಗೆ ಕೊಡುತ್ತಿರಲಿಲ್ಲ. ಹೀಗಾಗಿ ಬಹುತೇಕ ಸಾಲುಗಳು ದೋಣಿಯೊಳಗೇ ಉಳಿಯುತ್ತವೆ. ಆ ಪೆಟ್ಟಿಗೆಗಳ ನೆನಪಿಗೂ ಮಿತಿಯಿದೆ. ನೆನಪು ತುಂಬಿದ ಮೇಲೆ ಸಾಮಾನ್ಯವಾಗಿ ಅವು ಎಲ್ಲಕ್ಕಿಂತ ಹಳೆಯ ದಾರಿಯನ್ನು ಅಳಿಸಿ, ಆ ಜಾಗದಲ್ಲಿ ಹೊಸದನ್ನು ಬರೆಯುತ್ತವೆ.